ಮಣ್ಣಿನ ಹದ

ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ಬದನೆ ಬೆಂಡೆಗಳ ವಿಷಯ ಮಾತನಾಡಲು ಬಂದಿದ್ದಾನೆಂದರೆ ಕೇಳುವವರಿಗೆ ಸ್ವಲ್ಪ ನಗು ಬರುವುದು ಸಹಜ. ನನ್ನ ಹಳೆಯ ವಿದ್ಯಾರ್ಥಿಗಳಂತೂ ಇದನ್ನು ನಂಬಲಾರರು. ನಾನು ಕೃಷಿ ಪಂಡಿತನಲ್ಲ. ಈ ವಿಷಯದಲ್ಲಿ ನನಗಿರುವ ಅರ್ಹತೆ ಒಂದೇ: ಬೇಸಗೆಯ ಮೊದಲ ದಿನಗಳಲ್ಲಿ ಕೈತೋಟವನ್ನು ಕೆಡಿಸುವುದಕ್ಕೆ ಎಷ್ಟು ಬಗೆಗಳಿವೆಯೋ ಅವುಗಳಲ್ಲಿ ಬಹುಪಾಲನ್ನು ನಾನು ಸ್ವತಃ ಮಾಡಿ ನೋಡಿದ್ದೇನೆ. ಹಾಗೆ ಕಲಿತದ್ದರಲ್ಲಿ ಕೆಲವನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಯಾವ ವಿಷಯವನ್ನಾದರೂ ಒಂದು ಪದದಿಂದ ಆರಂಭಿಸುವುದು ನನ್ನ ವೃತ್ತಿಯಿಂದ ಬಂದ ಚಾಳಿ. ಇಂದಿನ ಪದ 'ಹದ'. ಬೆಲ್ಲದ ಪಾಕಕ್ಕೆ ಹದವಿದೆ, ಕಲಸಿದ ಹಿಟ್ಟಿಗೆ ಹದವಿದೆ, ಚರ್ಮವನ್ನು ಹದಮಾಡುತ್ತಾರೆ, ಮಾತು ಹದವಾಗಿರಬೇಕೆನ್ನುತ್ತಾರೆ. ಆದರೆ ಈ ಪದ ತನ್ನ ಪೂರ್ಣ ಅರ್ಥದಲ್ಲಿ ಬಾಳುವುದು ಒಕ್ಕಲಿನವರ ಬಾಯಲ್ಲಿ. ನೆಲ ಹದಕ್ಕೆ ಬಂದಿದೆ ಎಂದು ರೈತನು ಹೇಳಿದನೆಂದರೆ, ಮಣ್ಣು ಕೈಗೆ ಅಂಟುವಷ್ಟು ಒದ್ದೆಯೂ ಅಲ್ಲ, ಧೂಳಾಗಿ ಹಾರುವಷ್ಟು ಒಣಗಿಯೂ ಇಲ್ಲ, ಹಿಡಿಯಲ್ಲಿ ಅದುಮಿದರೆ ಉಂಡೆಯಾಗುತ್ತದೆ, ಆ ಉಂಡೆಯನ್ನು ಬೆರಳಿನಿಂದ ಮುಟ್ಟಿದರೆ ಉದುರುತ್ತದೆ ಎಂದು ಅರ್ಥ. ಇಷ್ಟನ್ನೆಲ್ಲ ನಾನು ತರಗತಿಯಲ್ಲಿ ಹಲವು ಸಲ ವಿವರಿಸಿದ್ದೆ. ಕೈಯಲ್ಲಿ ಮಣ್ಣು ಹಿಡಿದು ನೋಡಿರಲಿಲ್ಲ.

ಬೆಂಗಳೂರಿನಂಥ ಊರಿನಲ್ಲಿ ಬೇಸಗೆಯೆಂದರೆ ಒಂದೇ ಸಮನೆ ಉರಿಯುವ ಬಿಸಿಲಲ್ಲ. ಹಾಗಿದ್ದಿದ್ದರೆ ತೋಟಗಾರನ ಕೆಲಸ ಸುಲಭವಾಗುತ್ತಿತ್ತು. ಮಾರ್ಚಿಯಲ್ಲಿ ಒಣಗಾಳಿ ಬೀಸುತ್ತದೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯನು ನಡುಹಗಲಿನಲ್ಲಿ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕಂಬಕ್ಕೂ ಆಗ ನೆರಳಿರುವುದಿಲ್ಲ. ಅದೇ ದಿನಗಳಲ್ಲಿ ಕಾದ ನೆಲದ ಗಾಳಿ ಮೇಲಕ್ಕೇರುತ್ತದೆ, ಕಡಲ ಕಡೆಯಿಂದ ಬಂದ ತೇವದ ಗಾಳಿ ಅದರೊಡನೆ ಸೇರುತ್ತದೆ, ಮೂರು ಗಂಟೆಯವರೆಗೆ ಬೆಳ್ಳಗಿದ್ದ ಆಕಾಶ ಐದು ಗಂಟೆಗೆ ಕಪ್ಪಾಗಿ ಗುಡುಗು, ಬಿರುಗಾಳಿ, ಒಮ್ಮೊಮ್ಮೆ ಆಲಿಕಲ್ಲು. ಮಾವಿನ ಮಳೆಯೆಂದು ಕರೆಯುವುದು ಇದನ್ನೇ. ಒಂದು ಬಡಾವಣೆಯಲ್ಲಿ ಚರಂಡಿ ಉಕ್ಕುವಷ್ಟು ಸುರಿದಾಗ ಪಕ್ಕದ ಬಡಾವಣೆಯಲ್ಲಿ ಒಗೆದ ಬಟ್ಟೆ ಒಣಗುತ್ತಿರುತ್ತದೆ. ಲೆಕ್ಕದಲ್ಲಿ ಬೆಂಗಳೂರಿಗೆ ಏಪ್ರಿಲ್ ತಿಂಗಳಲ್ಲಿ ಸರಾಸರಿ ಸುಮಾರು 60 ಮಿಲಿಮೀಟರು, ಮೇ ತಿಂಗಳಲ್ಲಿ ಅದರ ಎರಡರಷ್ಟು ಮಳೆ. ಆದರೆ ಸರಾಸರಿಯನ್ನು ಯಾವ ಗಿಡವೂ ಕುಡಿಯಲಾರದು.

ನಮ್ಮ ಹಿರಿಯರು ಈ ಚಂಚಲತೆಯನ್ನು ನಕ್ಷತ್ರಗಳ ಹೆಸರಿನಲ್ಲಿ ಗುರುತಿಟ್ಟುಕೊಂಡಿದ್ದರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ; ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ ನಡುವಿನಿಂದ ಅಶ್ವಿನಿ, ಏಪ್ರಿಲ್ ಕೊನೆಯಿಂದ ಭರಣಿ, ಮೇ ಎರಡನೆಯ ವಾರದಿಂದ ಕೃತ್ತಿಕೆ, ಮೇ ಕೊನೆಯ ವಾರದಿಂದ ರೋಹಿಣಿ. 'ಅಶ್ವಿನಿ ಸಸ್ಯನಾಶಿನಿ' ಎಂಬುದೊಂದು ಗಾದೆ, 'ಭರಣಿ ಸುರಿದರೆ ಧರಣಿಯೆಲ್ಲ ಬೆಳೆ' ಎಂಬುದು ಇನ್ನೊಂದು. ಎರಡಕ್ಕೂ ನಡುವೆ ಇರುವುದು ಹದಿನೈದು ದಿನಗಳ ಅಂತರ. ಮಳೆ ಮಳೆಯೇ ತಾನೆ, ಒಂದು ನಾಶಿನಿಯಾಗಿ ಇನ್ನೊಂದು ಪೋಷಿಣಿಯಾಗುವುದು ಹೇಗೆ ಎಂದು ನಾನು ಯೋಚಿಸಿದ್ದುಂಟು. ನನಗೆ ತೋರುವ ಅರ್ಥ ಹೀಗೆ: ಅಶ್ವಿನಿಯ ಒಂದು ಮಳೆಗೆ ನಂಬಿ ಮೊಳೆತ ಬೀಜವೂ ಚಿಗುರಿದ ಸಸಿಯೂ ಮರುದಿನದಿಂದಲೇ ಮತ್ತೆ ಬೆಂಕಿಯಂಥ ಬಿಸಿಲಿಗೆ ಸಿಕ್ಕುತ್ತವೆ. ಗಿಡವನ್ನು ಕೊಲ್ಲುವುದು ಮಳೆಯಲ್ಲ. ಮಳೆ ಕೊಟ್ಟ ಭರವಸೆ. ಮನುಷ್ಯನೂ ಅದೇ ಭರವಸೆಗೆ ಮೋಸಹೋಗುತ್ತಾನೆಂಬುದನ್ನು ನನ್ನ ಅನುಭವದಿಂದ ಹೇಳಬಲ್ಲೆ.

ನಮ್ಮ ಮನೆಯ ಹಿಂದೆ ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೆಂಪು ಮಣ್ಣಿನ ಜಾಗವಿದೆ. ಮೂವತ್ತು ವರ್ಷ ಅದು ನನ್ನ ಶ್ರೀಮತಿಯ ರಾಜ್ಯವಾಗಿತ್ತು. ನಾನು ಅಲ್ಲಿಗೆ ಹೋಗುತ್ತಿದ್ದುದು ಕರಿಬೇವು ಕೀಳಲು ಮಾತ್ರ. ಅಲ್ಲಿ ಬೆಳೆಯುತ್ತಿದ್ದ ತರಕಾರಿಗಳಲ್ಲಿ ಒಂದಕ್ಕೆ ವಿಶೇಷ ಮರ್ಯಾದೆಯಿತ್ತು. ಅದು ಹಸಿರು ಗೆರೆಗಳ ಗುಂಡು ಬದನೆ. ಅದರ ಬೀಜವನ್ನು ಆಕೆ ಮದುವೆಯಾಗಿ ಬಂದ ಮರುವರ್ಷ ತವರಿನಿಂದ ತಂದದ್ದು. ನನ್ನ ಅತ್ತೆಯವರಿಗೆ ಅದು ಅವರ ಅತ್ತೆಯವರಿಂದ ಬಂದಿತ್ತಂತೆ. ಈಗ ತವರಿನಲ್ಲಿ ಆ ಮನೆಯೂ ಇಲ್ಲ, ಆ ಹಿತ್ತಿಲೂ ಇಲ್ಲ. ಬೀಜ ಮಾತ್ರ ನಮ್ಮ ಅಡಿಗೆಮನೆಯಲ್ಲಿ ಒಂದು ಸಣ್ಣ ಗಾಜಿನ ಶೀಷೆಯಲ್ಲಿ, ಬೂದಿಯೊಡನೆ ಬೆರೆತು, ವರ್ಷದಿಂದ ವರ್ಷಕ್ಕೆ ಉಳಿದುಕೊಂಡು ಬಂದಿತ್ತು. ಶಿವರಾತ್ರಿ ಕಳೆದೊಡನೆ ಸಸಿಮಡಿಯಲ್ಲಿ ಬಿತ್ತುವುದು, ಯುಗಾದಿಯ ಹೊತ್ತಿಗೆ ಸಸಿ ಕಿತ್ತು ನೆಡುವುದು ಆಕೆಯ ಕ್ರಮ.

2024ರ ಫೆಬ್ರವರಿಯಲ್ಲಿ ಆಕೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಯಿತು, ಕೆಲವು ತಿಂಗಳು ನೆಲದ ಮೇಲೆ ಕುಳಿತುಕೊಳ್ಳುವಂತಿಲ್ಲವೆಂದು ವೈದ್ಯರು ಹೇಳಿದರು. ಶಿವರಾತ್ರಿ ಬಂದಾಗ ನಾನು, "ಈ ವರ್ಷ ತೋಟವನ್ನು ನಾನು ನೋಡಿಕೊಳ್ಳುತ್ತೇನೆ" ಎಂದೆ. ಆಕೆ ಏನೂ ಹೇಳಲಿಲ್ಲ. ನಾನು ಶೀಷೆಯಲ್ಲಿದ್ದ ಬೀಜವನ್ನೆಲ್ಲ ಸಸಿಮಡಿಗೆ ಸುರಿದೆ. ಕೇಳದೆ ಮಾಡಿದ ಮೊದಲ ತಪ್ಪು ಅದು. ಬಿತ್ತುವವನು ಅರ್ಧ ಬೀಜವನ್ನು ಎಂದೂ ಮನೆಯಲ್ಲಿ ಉಳಿಸಿಕೊಳ್ಳಬೇಕು.

ಆ ವರ್ಷ ಎಂಥದೆಂಬುದು ಬೆಂಗಳೂರಿನವರಿಗೆ ನೆನಪಿರುತ್ತದೆ. ಹಿಂದಿನ ಮಳೆಗಾಲ ಕೈಕೊಟ್ಟಿತ್ತು, ಕೊಳವೆಬಾವಿಗಳು ಬತ್ತಿದ್ದವು. ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಕೂಡದೆಂದು, ಬಳಸಿದರೆ 5,000 ರೂಪಾಯಿ ದಂಡವೆಂದು ಮಾರ್ಚಿಯಲ್ಲಿ ಜಲಮಂಡಳಿಯ ಆಜ್ಞೆಯಾಯಿತು. ಇಡೀ ಏಪ್ರಿಲ್ ತಿಂಗಳಲ್ಲಿ ನಗರದ ಹವಾಮಾನ ಕೇಂದ್ರದ ಮಾಪಕಕ್ಕೆ ಅಳೆಯುವಷ್ಟು ಮಳೆ ಬೀಳಲಿಲ್ಲ. ನಾಲ್ಕು ದಶಕಗಳಲ್ಲಿ ಹಾಗಾಗಿರಲಿಲ್ಲ. ಏಪ್ರಿಲ್ 28ರಂದು ಉಷ್ಣತೆ 38.5 ಡಿಗ್ರಿ ಮುಟ್ಟಿತು. ಯುಗಾದಿಯ ಮರುದಿನ ನಾನು ನೆಟ್ಟ ಹದಿನೆಂಟು ಬದನೆ ಸಸಿಗಳು ಎದುರಿಸಬೇಕಾದದ್ದು ಇಂಥ ಬೇಸಗೆಯನ್ನು.

ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ನೀರು ಶುದ್ಧಿಮಾಡುವ ಯಂತ್ರ ಹೊರಗೆ ಬಿಡುವ ನೀರು, ಇಷ್ಟನ್ನು ಕೂಡಿಹಾಕಿ ದಿನಕ್ಕೆ ಎರಡು ಸಲ ಒಂದೊಂದು ಸಸಿಗೆ ಅರ್ಧ ಅರ್ಧ ಚೊಂಬು ಹಾಕಿದೆ. ನ್ಯಾಯವಾಗಿ ಹಂಚುತ್ತಿದ್ದೇನೆಂದು ನನ್ನ ಭಾವನೆ. ವಾಸ್ತವವಾಗಿ ಆ ನೀರು ಮೇಲಿನ ಒಂದಂಗುಲ ಮಣ್ಣನ್ನು ತೋಯಿಸಿ ಹತ್ತು ಗಂಟೆಯೊಳಗೆ ಆವಿಯಾಗುತ್ತಿತ್ತು. ಬೇರು ನೀರಿರುವ ಕಡೆಗೆ ಬೆಳೆಯುತ್ತದೆ. ದಿನವೂ ಮೇಲೆ ಮೇಲೆ ಗುಟುಕು ಗುಟುಕಾಗಿ ಕೊಟ್ಟರೆ ಬೇರು ಮೇಲೆಯೇ ಹರಡಿಕೊಳ್ಳುತ್ತದೆ. ಒಂದು ದಿನ ನೀರು ತಪ್ಪಿದರೆ ಗಿಡ ಬೀಳುತ್ತದೆ. ಅದೇ ನೀರನ್ನು ಎರಡು ಮೂರು ದಿನಕ್ಕೊಮ್ಮೆ, ಮುಂಜಾನೆ, ಪಾತಿ ತುಂಬುವ ಹಾಗೆ ಕೊಟ್ಟಿದ್ದರೆ ಅರ್ಧ ಅಡಿಯ ಆಳಕ್ಕೆ ಇಳಿದು ಬೇರನ್ನೂ ಕೆಳಕ್ಕೆ ಕರೆದುಕೊಂಡು ಹೋಗುತ್ತಿತ್ತು. ಶುದ್ಧೀಕರಣ ಯಂತ್ರದ ನೀರಿನಲ್ಲಿ ಲವಣಾಂಶ ಹೆಚ್ಚು. ಅದೊಂದನ್ನೇ ಸತತವಾಗಿ ಹಾಕಬಾರದು, ಬೇರೆ ನೀರಿನೊಡನೆ ಬೆರೆಸಿ ಹಾಕಬೇಕು.

ಎರಡನೆಯ ತಪ್ಪು ಎಲೆಯನ್ನು ನಂಬಿದ್ದು. ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಿದರೆ ಎಲೆಗಳೆಲ್ಲ ಜೋತುಬಿದ್ದಿರುತ್ತಿದ್ದವು. ನೋಡಲಾರದೆ ಆ ಬಿಸಿಲಿನಲ್ಲಿಯೇ ನೀರು ಹಾಕಿದೆ. ಎಲೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ನಡುಹಗಲಿನಲ್ಲಿ ಬೇರು ಎಳೆದುಕೊಳ್ಳುವುದಕ್ಕಿಂತ ಎಲೆ ಕಳೆದುಕೊಳ್ಳುವುದು ಹೆಚ್ಚಾಗುತ್ತದೆ. ಬದನೆ, ಹೀರೆ, ಸೌತೆ, ಕುಂಬಳ ಮುಂತಾದ ಅಗಲ ಎಲೆಯ ಗಿಡಗಳು ಆಗ ಎಲೆಯನ್ನು ಇಳಿಬಿಟ್ಟು ಬಿಸಿಲಿಗೆ ಮೈ ಮರೆಸಿಕೊಳ್ಳುತ್ತವೆ. ಸಂಜೆಯ ಹೊತ್ತಿಗೆ ತಾವೇ ಎದ್ದು ನಿಲ್ಲುತ್ತವೆ. ಗಿಡದ ನಿಜವಾದ ಸ್ಥಿತಿ ತಿಳಿಯಬೇಕಾದರೆ ಬೆಳಿಗ್ಗೆ ಆರು ಗಂಟೆಗೆ ನೋಡಬೇಕು. ಬೆಳಗಿನ ತಂಪಿನಲ್ಲಿಯೂ ಜೋತುಬಿದ್ದಿದ್ದರೆ ಆಗ ಯೋಚಿಸಬೇಕಾದದ್ದು ಉಂಟು.

ಹೀಗಿದ್ದರೂ ಏಪ್ರಿಲ್ ಮುಗಿದಾಗ ಹದಿಮೂರು ಸಸಿಗಳು ಉಳಿದಿದ್ದವು. ಮೇ ಮೊದಲ ವಾರದಲ್ಲಿ, ಭರಣಿಯಲ್ಲಿ, ಕೊನೆಗೂ ಮಳೆ ಬಂತು. ಒಂದಾದ ಮೇಲೊಂದು ಬಂತು. ನಾನು ಗೆದ್ದೆನೆಂದುಕೊಂಡೆ. ಆದರೆ ಮಳೆಗಳ ನಡುವೆ ಬಿಸಿಲು ಬಿದ್ದ ದಿನ ಗಿಡಗಳು ಮತ್ತೆ ಜೋತುಬಿದ್ದವು. ಮೇಲಿನ ಮಣ್ಣು ಒಣಗಿ ಬಿರಿದದ್ದು ಕಂಡಿತು, ನೀರು ಹಾಕಿದೆ. ಮರುದಿನ ಬೆಳಿಗ್ಗೆಯೂ ಜೋತುಬಿದ್ದಿದ್ದವು, ಇನ್ನಷ್ಟು ಹಾಕಿದೆ. ಎರಡು ವಾರದಲ್ಲಿ ಒಂಬತ್ತು ಗಿಡಗಳು ಹೋದವು.

ಆ ದಿನಗಳಲ್ಲಿ ನನ್ನ ಶ್ರೀಮತಿ ಕೋಲೂರಿಕೊಂಡು ಹಿತ್ತಿಲ ಬಾಗಿಲವರೆಗೆ ಬರುತ್ತಿದ್ದರು. ಹೊಸತಿಲಿನಲ್ಲಿ ಕುರ್ಚಿ ಹಾಕಿಕೊಟ್ಟಿದ್ದೆ. ನಾನು ನೀರಿನ ಚೊಂಬು ಹಿಡಿದು ಹೋಗುವುದನ್ನು ನೋಡಿ ಒಂದು ದಿನ ಕೇಳಿದರು:

"ಬೆರಳು ಹಾಕಿ ನೋಡಿದಿರಾ?"

ನಾನು ನೋಡಿರಲಿಲ್ಲ. ಆಗ ಬಗ್ಗಿ ತೋರುಬೆರಳನ್ನು ಗಿಡದ ಬುಡದಿಂದ ಗೇಣು ದೂರದಲ್ಲಿ ಮಣ್ಣಿಗೆ ಒತ್ತಿದೆ. ಮೇಲೆ ಹೆಪ್ಪುಗಟ್ಟಿದ ಪದರ, ಅದರ ಕೆಳಗೆ ಎರಡನೆಯ ಗೆಣ್ಣಿನ ಆಳದಲ್ಲಿ ಕೆಸರು. ನಮ್ಮ ಕೆಂಪು ಜೇಡಿಯ ಸ್ವಭಾವವೇ ಅದು. ಬಿರುಸಾದ ಹನಿ ಬಡಿದು ಬಿಸಿಲು ಬಿದ್ದೊಡನೆ ಮೇಲೆ ಹೊರಪೊರೆ ಕಟ್ಟುತ್ತದೆ, ಒಳಗೆ ನೀರು ನಿಂತಿರುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಗಾಳಿಯಿಲ್ಲದೆ ಉಸಿರುಕಟ್ಟಿದ ಬೇರು ನೀರನ್ನು ಎಳೆಯಲಾರದು. ಆದ್ದರಿಂದ ನೀರಿಲ್ಲದ ಗಿಡವೂ ನೀರು ಹೆಚ್ಚಾದ ಗಿಡವೂ ಒಂದೇ ಬಗೆಯಾಗಿ ಜೋತುಬೀಳುತ್ತವೆ. ಎಲೆ ನೋಡಿ ಎರಡನ್ನೂ ಬೇರೆಮಾಡಲು ಸಾಧ್ಯವಿಲ್ಲ. ಬೆರಳಿಗೆ ಅದು ಕ್ಷಣದಲ್ಲಿ ತಿಳಿಯುತ್ತದೆ.

ಆದರೂ ನನಗೆ ಒಂದು ಆಸೆಯಿತ್ತು. ಇದು ರೋಗವಿರಬಹುದು, ನನ್ನ ತಪ್ಪಿರಲಾರದು ಎಂದು. ಬದನೆ, ಟೊಮೇಟೊ, ಮೆಣಸಿನ ಗಿಡಗಳಿಗೆ ದುಂಡಾಣು ಸೊರಗು ರೋಗವೆಂಬುದು ಬರುತ್ತದೆ. ಬಿಸಿಯಾದ ಒದ್ದೆ ಮಣ್ಣಿನಲ್ಲಿ ಗಿಡ ಹಸಿರಾಗಿದ್ದಂತೆಯೇ ಸೊರಗಿಬಿಡುತ್ತದೆ. ಅದನ್ನು ಗುರುತಿಸಲು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಸೊರಗಿದ ಗಿಡದ ಕಾಂಡವನ್ನು ಬುಡದ ಬಳಿ ಕತ್ತರಿಸಿ, ಆ ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡದಂತೆ ಹಿಡಿಯಬೇಕು. ರೋಗವಿದ್ದರೆ ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಬಿಳಿಯ ಎಳೆ ಕಾಂಡದಿಂದ ನೀರಿಗೆ ಇಳಿಯುತ್ತದೆ. ಅಂಥ ಗಿಡವನ್ನು ಬೇರುಸಹಿತ ತೆಗೆದು ಹೊರಗೆ ಹಾಕಿ, ಆ ಜಾಗದಲ್ಲಿ ಬದನೆಯ ಜಾತಿಯ ಗಿಡಗಳನ್ನು ಕೆಲವು ವರ್ಷ ಹಾಕಬಾರದು. ನಾನು ಲೋಟವನ್ನು ಹಿಡಿದು ಕಾಲು ಗಂಟೆ ನೋಡಿದೆ. ನೀರು ತಿಳಿಯಾಗಿಯೇ ಇತ್ತು. ಬೇರನ್ನು ಎಳೆದು ನೋಡಿದೆ. ಕಂದುಬಣ್ಣಕ್ಕೆ ತಿರುಗಿ ಸಿಪ್ಪೆ ಕಳಚಿ ಬರುತ್ತಿತ್ತು. ಸಂಶಯಕ್ಕೆ ಎಡೆಯಿರಲಿಲ್ಲ. ರೋಗ ಗಿಡದಲ್ಲಿರಲಿಲ್ಲ, ಚೊಂಬು ಹಿಡಿದ ಕೈಯಲ್ಲಿತ್ತು.

ಆ ಮೇಲೆ ನಾನು ಅಳತೆಗೆ ತೊಡಗಿದೆ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಒಂದು ಡಬ್ಬವನ್ನು ಬಯಲಿನಲ್ಲಿಟ್ಟು, ಮಳೆ ನಿಂತ ಮೇಲೆ ಅಳತೆಪಟ್ಟಿಯಿಂದ ನೀರಿನ ಆಳ ನೋಡಿದರೆ ಸಾಕು. ಒಂದು ಚದರ ಮೀಟರು ನೆಲಕ್ಕೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರು. ನಮ್ಮ ಹಿತ್ತಿಲು ಸುಮಾರು 22 ಚದರ ಮೀಟರು. ಏಪ್ರಿಲ್ ಬಿಸಿಲಿನಲ್ಲಿ ಗಿಡ ತುಂಬಿದ ನೆಲ ದಿನಕ್ಕೆ ಸುಮಾರು 5 ಮಿಲಿಮೀಟರು, ಎಂದರೆ 110 ಲೀಟರು ಕಳೆದುಕೊಳ್ಳುತ್ತದೆ. ಆಕಾಶವೇ ಬಿರಿಯಿತೇನೋ ಎಂಬಂತೆ ಗುಡುಗಿ ಸುರಿದ ಮಳೆ ಡಬ್ಬದಲ್ಲಿ 3 ಮಿಲಿಮೀಟರು ತೋರಿಸಿದ್ದುಂಟು. ಅದು ಒಂದು ದಿನಕ್ಕೂ ಸಾಲದು. ಸದ್ದಿಲ್ಲದೆ ರಾತ್ರಿಯೆಲ್ಲ ಹನಿಸಿದ್ದು 20 ಮಿಲಿಮೀಟರು ತೋರಿಸಿದ್ದೂ ಉಂಟು. ಅದಾದ ಮೇಲೆ ಮೂರು ನಾಲ್ಕು ದಿನ ನೀರಿನ ಮಾತೇ ಬೇಡ. ಗುಡುಗಿನಿಂದ ಮಳೆಯನ್ನು ಅಳೆಯಬಾರದು.

ಇನ್ನು ಈ ಕಾಲದಲ್ಲಿ ಮಾಡಬೇಕಾದ ಕೆಲವು ಕೆಲಸಗಳನ್ನು ಹೇಳುತ್ತೇನೆ. ಮೊದಲನೆಯದು ಹೊದಿಕೆ. ಬೀದಿಯಲ್ಲಿ ಗುಡಿಸಿ ಸುಡುವ ತರಗೆಲೆಯನ್ನು ತಂದು ಎರಡು ಮೂರು ಅಂಗುಲ ದಪ್ಪವಾಗಿ, ಕಾಂಡಕ್ಕೆ ತಾಗದಂತೆ ಹರಡಬೇಕು. ಅದು ಬಿಸಿಲಿನಲ್ಲಿ ತೇವವನ್ನು ಕಾಯುತ್ತದೆ. ಬಿರುಮಳೆಯಲ್ಲಿ ಹನಿಯ ಹೊಡೆತವನ್ನು ತಾನು ತಾಳಿಕೊಂಡು ಮಣ್ಣು ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಎರಡು ವಿರುದ್ಧ ಕಷ್ಟಗಳಿಗೆ ಒಂದೇ ಮದ್ದಾಗುವ ವಸ್ತು ತೋಟದಲ್ಲಿ ಇದೊಂದೇ. ಎರಡನೆಯದು ಮಡಿಯ ಎತ್ತರ. ನೆಲದಿಂದ ಅರ್ಧ ಅಡಿ ಏರಿಸಿದ ಮಡಿ, ಪಕ್ಕದಲ್ಲಿ ನೀರು ಹರಿದುಹೋಗಲು ಕಾಲುವೆ. ಏಪ್ರಿಲ್‌ನ ಒಣಹವೆಯಲ್ಲಿ ಇದು ಅನಾವಶ್ಯಕವೆಂದು ತೋರುತ್ತದೆ. ಬೇಕಾಗುವ ದಿನ ತೋಡುತ್ತ ಕುಳಿತುಕೊಳ್ಳಲು ಸಮಯವಿರುವುದಿಲ್ಲ. ಮೂರನೆಯದು ನೆರಳು. ಹೊಸದಾಗಿ ನೆಟ್ಟ ಸಸಿಗೆ ಮೊದಲ ಎಂಟು ಹತ್ತು ದಿನ ಪಶ್ಚಿಮದ ಕಡೆ ಒಂದು ತೆಂಗಿನ ಗರಿಯನ್ನು ನಿಲ್ಲಿಸಿದರೂ ಸಾಕು.

ಕಾಲಕ್ಕೆ ಒಗ್ಗುವ ಗಿಡಗಳನ್ನು ಆರಿಸಿಕೊಳ್ಳುವುದು ನಾಲ್ಕನೆಯದು. ಹರಿವೆ, ದಂಟು, ಬಸಳೆ, ಬೆಂಡೆ ಸೆಕೆಯನ್ನು ತಾಳುತ್ತವೆ. ಹರಿವೆ ಕಡಿಮೆ ನೀರಿನಲ್ಲಿ ಹೆಚ್ಚು ಬೆಳೆಯುವ ಜಾತಿಯದು. ಬಿತ್ತಿದ ನಾಲ್ಕು ವಾರದಲ್ಲಿ ಸಾರಿಗೆ ಬರುತ್ತದೆ. ಅದನ್ನು ಒಂದೇ ದಿನ ಬಿತ್ತದೆ ಹತ್ತು ದಿನಕ್ಕೊಂದು ಸಾಲಿನಂತೆ ಬಿತ್ತಿದರೆ, ಒಂದು ಸಾಲು ಆಲಿಕಲ್ಲಿಗೆ ಹೋದರೂ ಇನ್ನೊಂದು ಉಳಿಯುತ್ತದೆ. ಟೊಮೇಟೊ ಹಾಗಲ್ಲ. ಹಗಲಿನ ಉಷ್ಣತೆ 35 ಡಿಗ್ರಿ ದಾಟಿ ರಾತ್ರಿಯೂ ಸೆಕೆಯಾದರೆ ಅದರ ಹೂವು ಕಾಯಿಕಟ್ಟದೆ ಉದುರುತ್ತದೆ. ಗೊಬ್ಬರ ಹಾಕಿ ಪ್ರಯೋಜನವಿಲ್ಲ, ಹವೆ ತಣ್ಣಗಾಗುವವರೆಗೆ ಕಾಯಬೇಕು. ಬಹುಕಾಲ ಒಣಗಿದ್ದ ಗಿಡಕ್ಕೆ ಒಮ್ಮೆಲೇ ಮಳೆ ಹೊಡೆದರೆ ಹಣ್ಣು ಬಿರಿಯುತ್ತದೆ. ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದರೆ ಮಣ್ಣಿನ ಸುಣ್ಣದಂಶ ಕಾಯಿಗೆ ಸರಿಯಾಗಿ ತಲುಪದೆ ಕಾಯಿಯ ತುದಿ ಕಪ್ಪಾಗುತ್ತದೆ. ಇವೆರಡೂ ಹದ ತಪ್ಪಿದ್ದರ ಗುರುತುಗಳು. ಮೆಣಸಿನ ಗಿಡದಲ್ಲಿ ಒಣಸೆಕೆಗೆ ನುಸಿ ಹೆಚ್ಚಿ ಎಲೆ ಮುಟುರಿಕೊಳ್ಳುತ್ತದೆ. ಮುಂಜಾನೆ ಎಲೆಯ ಅಡಿಭಾಗಕ್ಕೆ ನೀರು ಎರಚುವುದು ಅದನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆ.

ಕಥೆಯನ್ನು ಅರ್ಧಕ್ಕೆ ಬಿಟ್ಟೆ. ಮೇ ಕೊನೆಗೆ ನಾಲ್ಕು ಬದನೆ ಗಿಡಗಳು ಉಳಿದಿದ್ದವು. ಶೀಷೆ ಖಾಲಿಯಾಗಿದ್ದ ಸಂಗತಿಯನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಜೂನ್ 2ರ ಸಂಜೆ ಮಳೆ ಆರಂಭವಾಯಿತು. ಆ ಒಂದು ದಿನ ನಗರದಲ್ಲಿ 111.1 ಮಿಲಿಮೀಟರು ಬಿದ್ದಿತೆಂದೂ, ಜೂನ್ ತಿಂಗಳ ಒಂದು ದಿನದಲ್ಲಿ ಅಷ್ಟು ಮಳೆ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಬಿದ್ದಿರಲಿಲ್ಲವೆಂದೂ ಮರುದಿನ ತಿಳಿಯಿತು. ನಮ್ಮ ಬೀದಿಯಲ್ಲಿಯೂ ಅಷ್ಟೇ ಬಿದ್ದಿತೆಂದುಕೊಂಡರೆ ಆ ಸಣ್ಣ ಹಿತ್ತಿಲಿಗೆ ಸುಮಾರು 2,500 ಲೀಟರು ನೀರು. ಚೊಂಬುಗಳ ಲೆಕ್ಕದಲ್ಲಿ ಬದುಕಿದ್ದ ಏಪ್ರಿಲ್ ಕಳೆದು ಒಂದೇ ತಿಂಗಳಾಗಿತ್ತು. ಕತ್ತಲಲ್ಲಿ ಗುದ್ದಲಿ ಹಿಡಿದು ಮೊಣಕಾಲುದ್ದ ಪಂಚೆ ಕಟ್ಟಿ, ಗಿಡಗಳ ಪಕ್ಕದಿಂದ ಗೋಡೆಯ ತೂಬಿನವರೆಗೆ ಕಾಲುವೆ ಕಡಿದೆ. ನನ್ನ ಶ್ರೀಮತಿ ಹೊಸತಿಲಿನಲ್ಲಿ ನಿಂತು ಟಾರ್ಚಿನ ಬೆಳಕು ಹಿಡಿದಿದ್ದರು. "ಎಡಕ್ಕೆ, ಇನ್ನೂ ಎಡಕ್ಕೆ, ಅಲ್ಲಿ ಇಳಿಜಾರು" ಎಂದು ಅವರು ಹೇಳಿದ ಕಡೆಯಲ್ಲಿ ಕಡಿದಾಗ ನೀರು ಹರಿಯಿತು. ಒಳಗೆ ಬಂದು ತಲೆ ಒರೆಸಿಕೊಳ್ಳುತ್ತ ಶೀಷೆಯ ವಿಷಯ ಹೇಳಿದೆ. "ಗೊತ್ತು. ಬೇಳೆ ತೆಗೆಯುವಾಗ ನೋಡಿದ್ದೆ" ಎಂದರು. ಎಷ್ಟು ದಿನದಿಂದ ಗೊತ್ತೆಂದು ನಾನು ಕೇಳಲಿಲ್ಲ.

ಎರಡು ಗಿಡಗಳು ಬದುಕಿದವು. ಅವುಗಳಲ್ಲಿ ಚೆನ್ನಾಗಿ ಬೆಳೆದ ಒಂದರಲ್ಲಿ ಎರಡು ಕಾಯಿಗಳಿಗೆ ದಾರ ಕಟ್ಟಿ, ಕೀಳದೆ ಬಿಟ್ಟೆವು. ಅವು ಹಸಿರು ಹೋಗಿ ಹಳದಿಯಾಗಿ, ಮೆತ್ತಗಾಗುವವರೆಗೆ ಕಾದು, ತಿರುಳನ್ನು ನೀರಿನಲ್ಲಿ ಕಿವುಚಿ, ಮುಳುಗಿದ ಬೀಜಗಳನ್ನು ಮಾತ್ರ ಆರಿಸಿ ನೆರಳಿನಲ್ಲಿ ಒಣಗಿಸಿದೆವು. ಬೂದಿ ಬೆರೆಸಿ ಶೀಷೆಗೆ ತುಂಬಿದವರು ಆಕೆ. ಮರುವರ್ಷ ಶಿವರಾತ್ರಿಯಾದ ಮೇಲೆ ಅರ್ಧ ಬೀಜವನ್ನು ಕಾಗದದ ಪೊಟ್ಟಣದಲ್ಲಿ ನನಗೆ ಕೊಟ್ಟರು. ಉಳಿದರ್ಧವಿರುವ ಶೀಷೆಯನ್ನು ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದಾರೆ.

ಈಗ ಆಕೆ ಕೋಲಿಲ್ಲದೆ ನಡೆಯುತ್ತಾರೆ, ಆದರೆ ನೆಲದ ಮೇಲೆ ಕುಳಿತುಕೊಳ್ಳಲಾರರು. ತೋಟ ನನ್ನ ಪಾಲಿಗೇ ಉಳಿದಿದೆ. ಬೇಸಗೆಯ ಮುಂಜಾನೆ ನಾನು ಮೊದಲು ಹೋಗುವುದು ನಲ್ಲಿಯ ಬಳಿಗಲ್ಲ, ಮಡಿಯ ಬಳಿಗೆ. ಎರಡು ಮೂರು ಕಡೆ ಬೆರಳೂರಿ ನೋಡುತ್ತೇನೆ. ನೀರು ಬೇಕೆನಿಸಿದರೆ ತುಂಬ ಕೊಡುತ್ತೇನೆ. ಬೇಡವೆನಿಸಿದರೆ ಕೈ ಕಟ್ಟಿಕೊಂಡು ಬರುತ್ತೇನೆ. ಎರಡನೆಯದೇ ಹೆಚ್ಚು ಕಷ್ಟ. ಕೈತೋಟವಿರುವವರು ಈ ಬೇಸಗೆಯಲ್ಲಿ ಅಷ್ಟನ್ನು ಮಾಡಿ ನೋಡಬೇಕೆಂದು ನನ್ನ ವಿನಂತಿ. ಬೆರಳಿಗೆ ಹತ್ತಿದ ಮಣ್ಣು ತೊಳೆದರೆ ಹೋಗುತ್ತದೆ.